ಎಳೆ, ಕಣ, ರಾಳ: ಪ್ಲಾಸ್ಟಿಕ್ ಕಾಂಪೋಸಿಟ್‌ಗಳಿಗೆ ಬಲ ಬರುವ ಬಗೆ

ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯುವುದಿಲ್ಲ, ಬೇಕಾದ ಆಕಾರಕ್ಕೆ ಅಚ್ಚು ಹಾಕಬಹುದು. ಆದರೆ ಹೊರೆ ಹೊರುವ ಕೆಲಸಕ್ಕೆ ಅದೊಂದೇ ಸಾಲದು. ಒಂದು ವಸ್ತು ಎಳೆತಕ್ಕೆ ಎಷ್ಟು ಮಣಿಯುತ್ತದೆ ಎಂಬುದನ್ನು ತಿಳಿಸುವ ಯಂಗ್ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್. ಗಟ್ಟಿಗೊಂಡ ಎಪಾಕ್ಸಿಗೆ ಅದು 3ರ ಆಸುಪಾಸು, ಪಾಲಿಪ್ರೊಪಿಲೀನ್‌ಗೆ ಸುಮಾರು ಒಂದೂವರೆ. ಒಂದೇ ಅಳತೆಯ ಎರಡು ಸಲಾಕೆಗಳಿಗೆ ಒಂದೇ ಭಾರ ತೂಗಹಾಕಿದರೆ ಎಪಾಕ್ಸಿಯದು ಉಕ್ಕಿನದಕ್ಕಿಂತ ಅರವತ್ತು ಎಪ್ಪತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಈ ಕೊರತೆ ನೀಗಿಸಲು ಪ್ಲಾಸ್ಟಿಕ್ಕಿನೊಳಗೆ ಗಾಜಿನ ನಾರನ್ನೋ, ಕಾರ್ಬನ್ ನಾರನ್ನೋ, ಸುಣ್ಣಕಲ್ಲಿನ ಪುಡಿ, ಟಾಲ್ಕ್, ಜೇಡಿಮಣ್ಣಿನಂಥ ಕಣಗಳನ್ನೋ ಸೇರಿಸಿ ತಯಾರಿಸಿದ ವಸ್ತುವೇ ಕಾಂಪೋಸಿಟ್. ಮಲ್ಪೆಯ ಫೈಬರ್ ದೋಣಿ, ಚಾವಣಿಯ ಫೈಬರ್ ಶೀಟು, ಕಾರಿನ ಬಂಪರು, ತೇಜಸ್ ಯುದ್ಧವಿಮಾನದ ರೆಕ್ಕೆ ಎಲ್ಲವೂ ಒಂದೇ ಕುಲದವು.

ಬೆರೆಸಿದ ಮಾತ್ರಕ್ಕೆ ಬಲ ಬರುವುದಿಲ್ಲ. ನೈಲಾನ್‌ಗೆ ತೂಕದ ಲೆಕ್ಕದಲ್ಲಿ ಶೇ. 30ರಷ್ಟು ಗಾಜನ್ನು ಸಣ್ಣ ಮಣಿಗಳಾಗಿ ಸೇರಿಸಿದರೆ, ಅದು ತುಂಡಾಗುವ ಮಿತಿ ಹೆಚ್ಚುಕಡಿಮೆ ಮೊದಲಿದ್ದಲ್ಲೇ ನಿಲ್ಲುತ್ತದೆ. ಅದೇ ಗಾಜನ್ನು ಅಷ್ಟೇ ಪ್ರಮಾಣದಲ್ಲಿ ನಾರಾಗಿ ಸೇರಿಸಿದರೆ ಮಿತಿ ಎರಡು ಪಟ್ಟು ದಾಟುತ್ತದೆ. ಗಾಜು ಅದೇ, ನೈಲಾನೂ ಅದೇ. ಬೇರೆಯಾದದ್ದು ಹೊರೆ ನೈಲಾನಿನಿಂದ ಗಾಜಿಗೆ ದಾಟುವ ದಾರಿ. ಕಾಂಪೋಸಿಟ್‌ಗಳ ವಿಜ್ಞಾನ ಬೆಳೆದಿರುವುದು ಈ ದಾಟುವಿಕೆಯ ಸುತ್ತಲೇ. ನಾರಿನ ಉದ್ದ, ಅದು ಮಲಗಿರುವ ದಿಕ್ಕು, ಅದರ ಮೈಗೂ ಪ್ಲಾಸ್ಟಿಕ್ಕಿಗೂ ಇರುವ ಬೆಸುಗೆ, ಕಣದ ಗಾತ್ರ, ಇವೆಲ್ಲ ಆ ದಾರಿಯನ್ನು ಸುಗಮಗೊಳಿಸುವ ಇಲ್ಲವೆ ಕೆಡಿಸುವ ಸಂಗತಿಗಳು.

ವಸ್ತುವಿನ ಮೂರು ಗುಣಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಮುಂದಿನ ವಿಚಾರ ಗೋಜಲಾಗುತ್ತದೆ. ಹೊರೆ ಬಿದ್ದಾಗ ಹಿಗ್ಗದೆ, ಬಾಗದೆ ನಿಲ್ಲುವುದು ಬಿಗುವು. ತುಂಡಾಗುವ ಮೊದಲು ಎಷ್ಟು ಹೊರೆ ತಡೆಯುತ್ತದೆ ಎಂಬುದು ಬಲ. ಒಳಗೆ ಬಿರುಕಿದ್ದರೂ ಅದನ್ನು ಹರಡಗೊಡದೆ ಬಾಳುವುದು ಬಿರುಕು ತಾಳಿಕೆ. ಗಾಜಿಗೆ ಬಿಗುವು ಇದೆ, ತಾಳಿಕೆ ಇಲ್ಲ. ಪಾಲಿಥೀನ್ ಚೀಲಕ್ಕೆ ತಾಳಿಕೆ ಇದೆ, ಬಿಗುವು ಇಲ್ಲ. ಸೇರಿಸುವ ಪದಾರ್ಥ ಒಂದು ಗುಣವನ್ನು ಹೆಚ್ಚಿಸುತ್ತ ಇನ್ನೊಂದನ್ನು ತಗ್ಗಿಸುವುದು ಸಾಮಾನ್ಯ.

ಪ್ಲಾಸ್ಟಿಕ್ಕಿನ ಮೆತುತನಕ್ಕೆ ಕಾರಣ ಅದರ ಅಣುಗಳ ಹೆಣಿಗೆ. ಪ್ರತಿ ಅಣುವೂ ಸಾವಿರಾರು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಸರಪಳಿಯ ಕೊಂಡಿಗಳು ಬಹಳ ಗಟ್ಟಿ; ಆದರೆ ಪಾಲಿಪ್ರೊಪಿಲೀನ್, ನೈಲಾನ್‌ಗಳಲ್ಲಿ ಒಂದು ಸರಪಳಿಯನ್ನು ಪಕ್ಕದ್ದಕ್ಕೆ ಹಿಡಿದಿಡುವ ಸೆಳೆತ ಕ್ಷೀಣ. ಎಳೆದಾಗ ಸುರುಳಿಗಳು ಬಿಚ್ಚಿಕೊಳ್ಳುತ್ತವೆ, ಸರಪಳಿಗಳು ಒಂದರ ಪಕ್ಕ ಒಂದು ಜಾರುತ್ತವೆ. ಎಪಾಕ್ಸಿಯಂಥ ರಾಳಗಳಲ್ಲಿ ಸರಪಳಿಗಳ ನಡುವೆ ಅಡ್ಡಗಂಟುಗಳಿದ್ದರೂ ಹೆಣಿಗೆಗೆ ಗೊತ್ತಾದ ದಿಕ್ಕಿಲ್ಲ. ಸರಪಳಿಗಳನ್ನೆಲ್ಲ ಒಂದೇ ದಿಕ್ಕಿಗೆ ನೇರಗೊಳಿಸಿದರೆ ಚಿತ್ರವೇ ಬದಲಾಗುತ್ತದೆ. ಸಾಮಾನ್ಯ ಪಾಲಿಥೀನ್‌ನ ಗುಣಾಂಕ ಒಂದು ಗಿಗಾಪಾಸ್ಕಲ್ಲಿನ ಆಸುಪಾಸಿನದು. ಅದೇ ಪಾಲಿಥೀನ್‌ನ ಅತಿ ಉದ್ದದ ಅಣುಗಳನ್ನು ಜೆಲ್ ಸ್ಥಿತಿಯಲ್ಲಿ ಎಳೆದು ನೇರ ಮಾಡಿದ ನಾರಿಗೆ ಅದು 100 ದಾಟುತ್ತದೆ. ನಾರಿನ ರೂಪದಲ್ಲಿ ವಸ್ತು ತನ್ನ ನಿಜವಾದ ಶಕ್ತಿಯ ಹತ್ತಿರಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಗಾಜಿನ ವಿಷಯದಲ್ಲಿ ಈ ಸತ್ಯ ಮೊದಲೇ ಹೊರಬಿದ್ದಿತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಕೇಂದ್ರದ ಎ. ಎ. ಗ್ರಿಫಿತ್ ಗಾಜನ್ನು ಕಾಯಿಸಿ ತೆಳುವಾಗಿ ಎಳೆದು, ಎಳೆಗಳ ಬಲವನ್ನು ಒಂದೊಂದಾಗಿ ಅಳೆದರು. ಫಲಿತಾಂಶ 1921ರಲ್ಲಿ ಪ್ರಕಟವಾಯಿತು. ಸುಮಾರು ಒಂದು ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿ 170 ಮೆಗಾಪಾಸ್ಕಲ್‌ಗೆ ಮುರಿದರೆ, ಮೂರು ಮೈಕ್ರಾನ್‌ಗಿಂತ ತುಸು ದಪ್ಪದ ಎಳೆ 3,400ರವರೆಗೆ ತಡೆಯಿತು. ಇಪ್ಪತ್ತು ಪಟ್ಟು ಅಂತರ! ಗ್ರಿಫಿತ್ ಕೊಟ್ಟ ವಿವರಣೆ ಇಂದಿಗೂ ಎಂಜಿನಿಯರಿಂಗ್‌ನ ತಳಹದಿಗಳಲ್ಲಿ ಒಂದು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿರುತ್ತವೆ; ಎಳೆತವೆಲ್ಲ ಅವುಗಳ ಮೊನೆಯಲ್ಲಿ ಒಟ್ಟುಗೂಡಿ, ಗಾಜಿನ ನೈಜ ಬಲ ಉಪಯೋಗಕ್ಕೆ ಬರುವ ಮೊದಲೇ ಅದು ಸೀಳುತ್ತದೆ. ಎಳೆ ತೆಳುವಾದಷ್ಟೂ ಅದರಲ್ಲಿ ದೊಡ್ಡ ಬಿರುಕಿಗೆ ಜಾಗವಿಲ್ಲ. ಹೊಸದಾಗಿ ಎಳೆದ ಗಾಜಿನ ನಾರನ್ನು ಬೆರಳಿನಿಂದ ಮುಟ್ಟಿದರೂ ಗೀರು ಬಿದ್ದು ಅದರ ಬಲ ಕುಗ್ಗುತ್ತದೆ. ಹಾಗಾಗಿಯೇ ಕಾರ್ಖಾನೆಯಲ್ಲಿ ಅದು ಕುಲುಮೆಯಿಂದ ಹೊರಬಂದ ಕ್ಷಣದಲ್ಲೇ ತೆಳು ಲೇಪನವೊಂದನ್ನು ಹಚ್ಚುತ್ತಾರೆ.

ಇಂದು ಬಳಕೆಯಲ್ಲಿರುವ ಗಾಜಿನ ನಾರು 10ರಿಂದ 17 ಮೈಕ್ರಾನ್ ದಪ್ಪದ್ದು, ಗುಣಾಂಕ ಸುಮಾರು 72 ಗಿಗಾಪಾಸ್ಕಲ್. 1930ರ ದಶಕದಲ್ಲಿ ಅಮೆರಿಕದಲ್ಲಿ ಅದರ ಕೈಗಾರಿಕಾ ಉತ್ಪಾದನೆ ಶುರುವಾಯಿತು. ಕಾರ್ಬನ್ ನಾರು ಬಂದದ್ದು 1960ರ ದಶಕದಲ್ಲಿ. ಜಪಾನಿನ ಅಕಿಯೊ ಶಿಂಡೊ ಅಕ್ರಿಲಿಕ್ ನಾರನ್ನು ಹಂತಹಂತವಾಗಿ ಸುಟ್ಟು ಇಂಗಾಲದ ಎಳೆ ಪಡೆದರು. ಫಾರ್ನ್‌ಬರೋದ ಸಂಶೋಧಕರು ಅದನ್ನು ಕಾಯಿಸುವಾಗ ಕುಗ್ಗದಂತೆ ಎಳೆದು ಹಿಡಿಯುವ ಕ್ರಮ ಕಂಡುಕೊಂಡು ಬಿಗುವನ್ನು ಹೆಚ್ಚಿಸಿದರು. ಸಾಮಾನ್ಯ ದರ್ಜೆಯ ಕಾರ್ಬನ್ ನಾರು ಏಳು ಮೈಕ್ರಾನ್ ದಪ್ಪ, ಗುಣಾಂಕ 230 ಗಿಗಾಪಾಸ್ಕಲ್, ಸಾಂದ್ರತೆ ಉಕ್ಕಿನ ಕಾಲು ಭಾಗಕ್ಕಿಂತ ಕಡಿಮೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಅವರ ಸಂಶೋಧನೆಯಿಂದ ಬಂದ ಕೆವ್ಲಾರ್ ಇನ್ನೂ ಹಗುರ. ಆದರೆ ಒತ್ತಿದರೆ ಮಡಿಚಿಕೊಳ್ಳುತ್ತದೆ.

ನಾರು ಇಷ್ಟು ಗಟ್ಟಿಯಾಗಿದ್ದರೆ ಪ್ಲಾಸ್ಟಿಕ್ ಯಾತಕ್ಕೆ? ಬರಿಯ ನಾರಿನ ಕಟ್ಟು ಎಳೆತ ತಡೆಯುತ್ತದೆ. ತಳ್ಳಿದರೆ ಮುದುಡುತ್ತದೆ, ಬಾಗಿಸಿದರೆ ಬಾಗುತ್ತದೆ. ಒಂದು ಎಳೆ ಎಲ್ಲಾದರೂ ತುಂಡಾದರೆ ಅದರ ಇಡೀ ಉದ್ದ ನಿಷ್ಪ್ರಯೋಜಕ. ಸುತ್ತ ರಾಳ ಇದ್ದರೆ ಹಾಗಾಗುವುದಿಲ್ಲ. ಮುರಿದ ಎಳೆಯ ಹೊರೆಯನ್ನು ರಾಳ ಅಕ್ಕಪಕ್ಕದ ಎಳೆಗಳಿಗೆ ಹಂಚುತ್ತದೆ. ಮುರಿದ ಜಾಗದಿಂದ ತುಸು ದೂರ ಸರಿದರೆ ಅದೇ ಎಳೆ ಮತ್ತೆ ಪೂರ್ತಿ ಹೊರೆ ಹೊರುತ್ತಿರುತ್ತದೆ. ರಾಳದ್ದು ಹೊರೆ ಹಂಚುವ, ಎಳೆಗಳನ್ನು ನೆಟ್ಟಗೆ ನಿಲ್ಲಿಸುವ, ನೀರು ಗೀರುಗಳಿಂದ ಕಾಯುವ ಕೆಲಸ. ಅದನ್ನು ಬರಿಯ ಅಂಟೆಂದು ಭಾವಿಸುವುದು ಅದರ ಪಾತ್ರವನ್ನು ಕಿರಿದು ಮಾಡಿದಂತೆ.

ಹೊರೆ ದಾಟುವ ಬಗೆಯನ್ನು ಗಣಿತದಲ್ಲಿ ಹಿಡಿದವರು ಎಚ್. ಎಲ್. ಕಾಕ್ಸ್. ಅವರ 1952ರ ಪ್ರಬಂಧ ಕಾಗದ ಮುಂತಾದ ನಾರುಳ್ಳ ವಸ್ತುಗಳನ್ನು ಕುರಿತದ್ದು. ಕಾಂಪೋಸಿಟ್ ತುಂಡನ್ನು ಎಳೆದಾಗ ಮೆತ್ತನೆಯ ರಾಳ ಹೆಚ್ಚು ಹಿಗ್ಗಲು ನೋಡುತ್ತದೆ, ಬಿಗುವಾದ ನಾರು ತಡೆಯುತ್ತದೆ. ಈ ತಿಕ್ಕಾಟದಲ್ಲಿ ನಾರಿನ ಮೈಗುಂಟ ಜಾರು ಒತ್ತಡ ಹುಟ್ಟುತ್ತದೆ, ಆ ಒತ್ತಡವೇ ನಾರನ್ನು ಎಳೆಯುತ್ತದೆ. ನಾರಿನ ತುದಿಯಲ್ಲಿ ಹೊರೆ ಸೊನ್ನೆ. ಒಳಗೆ ಹೋದಂತೆ ಇಂಚಿಂಚಾಗಿ ಏರಿ, ಸಾಕಷ್ಟು ಉದ್ದವಿದ್ದರೆ ನಡುವಿನಲ್ಲಿ ಪೂರ್ಣಮಟ್ಟ ಮುಟ್ಟುತ್ತದೆ. ಹೊಲದಲ್ಲಿ ಕಳೆ ಕೀಳುವವರಿಗೆ ಇದರ ಪರಿಚಯವಿದೆ: ಮೋಟು ಬೇರಿನ ಗಿಡ ಬುಡಸಮೇತ ಕಿತ್ತು ಬರುತ್ತದೆ, ಆಳಕ್ಕಿಳಿದ ಬೇರು ಮಣ್ಣಿನಲ್ಲೇ ಉಳಿದು ನಡುವೆ ಪಟ್ಟನೆ ತುಂಡಾಗುತ್ತದೆ. ಬೇರು ತುಂಡಾಯಿತೆಂದರೆ ಮಣ್ಣಿನ ಹಿಡಿತ ಬೇರಿನ ಬಲವನ್ನು ಮೀರಿತು ಎಂದರ್ಥ.

ಕೀಳುವ ಉದ್ದಕ್ಕೂ ತುಂಡಾಗುವ ಉದ್ದಕ್ಕೂ ನಡುವಿನ ಗಡಿಯನ್ನು 1965ರಲ್ಲಿ ಕೆಲ್ಲಿ ಮತ್ತು ಟೈಸನ್ ಒಂದು ಸರಳ ಸೂತ್ರವಾಗಿ ಕೊಟ್ಟರು. ನಾರಿನ ಬಲವನ್ನು ಅದರ ದಪ್ಪದಿಂದ ಗುಣಿಸಿ, ಮೈಯ ಜಾರು ಬಲದ ಎರಡರಷ್ಟರಿಂದ ಭಾಗಿಸಿದರೆ ನಿರ್ಣಾಯಕ ಉದ್ದ ಸಿಗುತ್ತದೆ. ಹತ್ತು ಮೈಕ್ರಾನ್ ದಪ್ಪದ, 2,000 ಮೆಗಾಪಾಸ್ಕಲ್ ಬಲದ ಗಾಜಿನ ನಾರು 20 ಮೆಗಾಪಾಸ್ಕಲ್ ಜಾರು ಬಲದ ಬೆಸುಗೆಯಲ್ಲಿ ಕೂತಿದ್ದರೆ, ನಿರ್ಣಾಯಕ ಉದ್ದ ಅರ್ಧ ಮಿಲಿಮೀಟರ್. ಅದಕ್ಕಿಂತ ಮೋಟು ನಾರು ತನ್ನ ಬಲ ತೋರುವ ಮೊದಲೇ ರಾಳದಿಂದ ಕಳಚಿಕೊಳ್ಳುತ್ತದೆ. ಬೆಸುಗೆ ಎರಡು ಪಟ್ಟು ಗಟ್ಟಿಯಾದರೆ ಕಾಲು ಮಿಲಿಮೀಟರ್ ಉದ್ದವೇ ಸಾಕು. ಉದ್ದವೂ ಬೆಸುಗೆಯೂ ಒಂದಕ್ಕೊಂದು ಬದಲಿ ಎಂಬ ಈ ಮಾತು ಉಪಯೋಗದಲ್ಲಿ ಇಡೀ ಉದ್ಯಮವನ್ನು ನಡೆಸುತ್ತಿದೆ.

ನಾರುಗಳೆಲ್ಲ ಉದ್ದವಾಗಿ, ಒಂದೇ ದಿಕ್ಕಿನಲ್ಲಿ ಮಲಗಿದ್ದರೆ ಲೆಕ್ಕ ಸುಲಭ. ಗಾತ್ರದಲ್ಲಿ ಶೇ. 60 ಕಾರ್ಬನ್ ನಾರು, ಉಳಿದದ್ದು ಎಪಾಕ್ಸಿ ಎಂದುಕೊಂಡರೆ, ಎರಡರ ಗುಣಾಂಕಗಳನ್ನು ಅವುಗಳ ಪಾಲಿನಂತೆ ಕೂಡಿದಾಗ ನಾರಿನ ದಿಕ್ಕಿನಲ್ಲಿ ಸುಮಾರು 139 ಗಿಗಾಪಾಸ್ಕಲ್ ಬರುತ್ತದೆ. ಸಾಂದ್ರತೆ ನೀರಿನ ಒಂದೂವರೆ ಪಟ್ಟು. ತೂಕಕ್ಕೆ ತಕ್ಕ ಬಿಗುವಿನಲ್ಲಿ ಅದು ಉಕ್ಕಿನ ಮೂರೂವರೆ ಪಟ್ಟು ಆಯಿತು. ಆದರೆ ಅದೇ ಹಲಗೆಯನ್ನು ನಾರಿಗೆ ಅಡ್ಡಲಾಗಿ ಎಳೆದರೆ ಗುಣಾಂಕ ಹತ್ತಕ್ಕೂ ಕೆಳಗೆ ಇಳಿಯುತ್ತದೆ. ಉದ್ದಕ್ಕೆ 1,500 ಮೆಗಾಪಾಸ್ಕಲ್ ತಡೆದದ್ದು ಅಡ್ಡಕ್ಕೆ ಐವತ್ತರ ಸುಮಾರಿಗೆ ಸೀಳುತ್ತದೆ. ಹಾಗಾಗಿ ಪದರದ ಮೇಲೆ ಪದರವನ್ನು ಬೇರೆ ಬೇರೆ ಕೋನದಲ್ಲಿ, ಸಾಮಾನ್ಯವಾಗಿ 0, 45, 90 ಡಿಗ್ರಿಗಳಲ್ಲಿ ಜೋಡಿಸುತ್ತಾರೆ. ಹೊರೆ ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿದಿರುವ ವಿನ್ಯಾಸಕ ಆ ದಿಕ್ಕಿಗೆ ಹೆಚ್ಚು ಪದರ ಕೊಡಬಲ್ಲ. ಲೋಹದಲ್ಲಿ ಈ ಸ್ವಾತಂತ್ರ್ಯ ಇಷ್ಟರಮಟ್ಟಿಗೆ ಇಲ್ಲ. ನಾರುಗಳು ಒಂದೇ ಸಮತಲದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಬಿಗುವಿಗೆ ಅವುಗಳ ಕೊಡುಗೆ ಎಂಟರಲ್ಲಿ ಮೂರು ಪಾಲು, ಎಲ್ಲ ದಿಕ್ಕಿಗೂ ಚೆದುರಿದ್ದರೆ ಐದರಲ್ಲಿ ಒಂದು ಪಾಲು ಮಾತ್ರ. ಫೈಬರ್ ದೋಣಿ ಕಟ್ಟುವವರು ಹಾಸುವ ತುಂಡುನಾರಿನ ಮ್ಯಾಟ್ ಮೊದಲ ಬಗೆಯದು.

ಬೆಂಗಳೂರಿಗೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ನಾರಿನ ಕಾಂಪೋಸಿಟ್‌ನಿಂದಲೇ ಹಂಸ ತರಬೇತಿ ವಿಮಾನದ ಮೈಯನ್ನು ಕಟ್ಟಿತು. ತೇಜಸ್‌ನ ರೆಕ್ಕೆ, ಬಾಲದ ಭಾಗಗಳ ಅಭಿವೃದ್ಧಿಯಲ್ಲೂ ಅದರ ದುಡಿಮೆ ಇದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೊದಲು ಹಾರಿದ ತೇಜಸ್‌ನ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ. 45 ಕಾಂಪೋಸಿಟ್. ಇಂಥ ಭಾಗಗಳನ್ನು ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸುತ್ತಾರೆ. ಒತ್ತಡ ಬೇಕಾಗುವುದು ರಾಳದಲ್ಲಿ ಉಳಿಯುವ ಗಾಳಿಗುಳ್ಳೆಗಳನ್ನು ಹಿಂಡಿ ತೆಗೆಯಲು. ಗುಳ್ಳೆ ಇರುವಲ್ಲಿ ಹೊರೆ ದಾಟಲು ದಾರಿಯಿಲ್ಲ, ಶೇ. 1ರಷ್ಟು ಗುಳ್ಳೆ ಸೇರಿದರೆ ಪದರಗಳ ನಡುವಿನ ಜಾರು ಬಲ ಸುಮಾರು ಶೇ. 7ರಷ್ಟು ಕುಸಿಯುತ್ತದೆ.

ಒತ್ತುವ ಹೊರೆಯಲ್ಲಿ ಕಾರ್ಬನ್ ಕಾಂಪೋಸಿಟ್‌ನ ಬಲ ಎಳೆತದ ಬಲಕ್ಕಿಂತ ಸಾಕಷ್ಟು ಕಡಿಮೆ. ತಯಾರಿಕೆಯಲ್ಲಿ ಎಳೆಗಳು ಒಂದೆರಡು ಡಿಗ್ರಿ ಓರೆಯಾಗಿರುವುದು ತಪ್ಪದು. ಒತ್ತಿದಾಗ ಆ ಓರೆ ಹೆಚ್ಚುತ್ತದೆ, ಪಕ್ಕದಲ್ಲಿರುವ ರಾಳ ಮಣಿಯುತ್ತದೆ, ಎಳೆಗಳ ಪಟ್ಟಿಯೊಂದು ಒಟ್ಟಿಗೆ ಮಡಿಚಿಕೊಳ್ಳುತ್ತದೆ. ಇಲ್ಲಿ ಅಂಕೆ ಹಾಕುವುದು ರಾಳದ ಬಿಗುವು ಮತ್ತು ನಾರಿನ ನೇರ. ಬಿಸಿಯಲ್ಲಿ, ತೇವದಲ್ಲಿ ರಾಳ ಮೆತ್ತಗಾದಾಗ ಒತ್ತು ಬಲವೇ ಮೊದಲು ಇಳಿಯುತ್ತದೆ. ಆದ್ದರಿಂದ ವಿಮಾನದ ಭಾಗಗಳನ್ನು ಬಿಸಿಯಾಗಿ, ತೇವವಾಗಿ ಇರುವಾಗಲೂ ಪರೀಕ್ಷೆಗೆ ಒಡ್ಡುತ್ತಾರೆ.

ದಿನಬಳಕೆಯಲ್ಲಿ ಹೆಚ್ಚು ಕಾಣುವುದು ಮೋಟುನಾರಿನ ಪ್ಲಾಸ್ಟಿಕ್. ಕಾರಿನ ರೇಡಿಯೇಟರ್ ತೊಟ್ಟಿ, ಡ್ರಿಲ್ ಯಂತ್ರದ ಮೈ, ಸ್ವಿಚ್‌ಗೇರ್ ಪೆಟ್ಟಿಗೆಗಳು ಗಾಜುನಾರು ಸೇರಿದ ನೈಲಾನಿನವು. ಬರಿಯ ನೈಲಾನ್ 66ರ ಬಲ ಸುಮಾರು 80 ಮೆಗಾಪಾಸ್ಕಲ್, ಶೇ. 30 ಗಾಜುನಾರು ಸೇರಿದಾಗ 180ರ ಹತ್ತಿರ, ಬಿಗುವು ಮೂರು ಪಟ್ಟು. ಶಾಖ ತಾಳುವ ಗುಣದಲ್ಲಿ ಆಗುವ ಬದಲಾವಣೆ ಇನ್ನೂ ದೊಡ್ಡದು: ನಿಗದಿತ ಹೊರೆಯಡಿ ಬಾಗಿಬಿಡುವ ತಾಪಮಾನ 75 ಡಿಗ್ರಿಯ ಸುಮಾರಿನಿಂದ 250ಕ್ಕೆ ಏರುತ್ತದೆ. ಇಂಜಿನ್ನಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಜಾಗ ಸಿಕ್ಕಿದ್ದು ಇದರಿಂದ. ಆದರೆ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದ ತಿರುಪು ನಾರನ್ನು ಮುರಿಯುತ್ತದೆ. ಮೂರು ನಾಲ್ಕು ಮಿಲಿಮೀಟರ್ ಉದ್ದದ್ದು ಕೊನೆಗೆ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ಉಳಿಯುತ್ತದೆ, ಅಂದರೆ ನಿರ್ಣಾಯಕ ಉದ್ದದ ಅಂಚಿನಲ್ಲೇ. ದಿಕ್ಕೂ ಕೈಮೀರುತ್ತದೆ. ಅಚ್ಚಿನ ಗೋಡೆಗೆ ಹತ್ತಿದ ಪದರದಲ್ಲಿ ನಾರುಗಳು ಹರಿವಿನ ದಿಕ್ಕಿಗೆ ಮಲಗುತ್ತವೆ, ನಡುಪದರದಲ್ಲಿ ಅಡ್ಡಲಾಗುತ್ತವೆ. ಎರಡು ಹರಿವುಗಳು ಎದುರುಬದುರಾಗಿ ಕೂಡುವ ಬೆಸುಗೆ ಗೆರೆಯನ್ನು ನಾರುಗಳು ದಾಟುವುದೇ ಇಲ್ಲ. ಇಂಥ ಭಾಗ ಒಡೆಯುವುದು ಬಹುಪಾಲು ಆ ಗೆರೆಯಲ್ಲಿ. ಒಳ್ಳೆಯ ಅಚ್ಚು ಕೆಲಸಗಾರ ಪ್ಲಾಸ್ಟಿಕ್ ಒಳನುಗ್ಗುವ ಬಾಗಿಲನ್ನು ಎಲ್ಲಿಡಬೇಕೆಂದು ಬಹಳ ಹೊತ್ತು ಯೋಚಿಸುವುದು ಈ ಕಾರಣಕ್ಕೆ.

ಇನ್ನು ನಾರಿಗೂ ಪ್ಲಾಸ್ಟಿಕ್ಕಿಗೂ ನಡುವಿನ ಬೆಸುಗೆ. ಗಾಜಿನ ಮೈ ನೀರನ್ನು ಪ್ರೀತಿಸುತ್ತದೆ, ಪ್ಲಾಸ್ಟಿಕ್ ದೂರವಿಡುತ್ತದೆ. ಇವೆರಡನ್ನು ಕೂಡಿಸಲು ಸಿಲೇನ್ ಎಂಬ ರಾಸಾಯನಿಕವನ್ನು ನಾರಿನ ಲೇಪನದಲ್ಲಿ ಬೆರೆಸುತ್ತಾರೆ. ಅದರ ಅಣುವಿನ ಒಂದು ತುದಿ ಗಾಜಿನ ಸಿಲಿಕಾನ್-ಆಮ್ಲಜನಕ ಜಾಲಕ್ಕೆ ಅಂಟುತ್ತದೆ, ಇನ್ನೊಂದು ತುದಿ ರಾಳದೊಡನೆ ಕೂಡುತ್ತದೆ. ಪಾಲಿಪ್ರೊಪಿಲೀನ್‌ಗೆ ಹಾಗೆ ಕೂಡಲು ಬೇಕಾದ ರಾಸಾಯನಿಕ ಕೈಗಳಿಲ್ಲದ್ದರಿಂದ, ಮ್ಯಾಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್‌ ಅನ್ನು ಸ್ವಲ್ಪ ಸೇರಿಸಬೇಕಾಗುತ್ತದೆ.

ಬೆಸುಗೆ ಗಟ್ಟಿಯಾದಷ್ಟೂ ಒಳ್ಳೆಯದು ಎಂದು ತೀರ್ಮಾನಿಸುವಂತಿಲ್ಲ. ಎಪಾಕ್ಸಿ ಒಡಕು ವಸ್ತು, ಗಾಜೂ ಒಡಕು ವಸ್ತು. ಎರಡೂ ಕೂಡಿ ಬಿರುಕು ತಾಳುವ ವಸ್ತುವಾಗುವುದು ಹೇಗೆ ಎಂಬ ಪ್ರಶ್ನೆಗೆ 1964ರಲ್ಲಿ ಜೆ. ಕುಕ್ ಮತ್ತು ಜೆ. ಇ. ಗಾರ್ಡನ್ ಕೊಟ್ಟ ಉತ್ತರ ಈ ಶಾಸ್ತ್ರದ ಅತಿ ಸುಂದರ ಫಲಿತಾಂಶಗಳಲ್ಲೊಂದು. ಮುಂದೊತ್ತುವ ಬಿರುಕಿನ ಮೊನೆಯ ಮುಂದೆ, ಅದು ಸಾಗುವ ದಿಕ್ಕಿನಲ್ಲೂ ಒಂದು ಸಣ್ಣ ಎಳೆತ ಇರುತ್ತದೆ, ಮುಖ್ಯ ಎಳೆತದ ಸುಮಾರು ಐದನೇ ಒಂದರಷ್ಟು. ನಾರಿನ ಬೆಸುಗೆ ಅದಕ್ಕಿಂತ ದುರ್ಬಲವಾಗಿದ್ದರೆ, ಬಿರುಕು ಬಂದು ತಲಪುವ ಮೊದಲೇ ಬೆಸುಗೆ ಬಾಯಿ ಬಿಡುತ್ತದೆ. ಬಿರುಕು ಆ ಬಾಯಿಗೆ ಬಿದ್ದು, ಮೊನೆ ಮೊಂಡಾಗಿ, ನಾರಿನ ಗುಂಟ ತಿರುಗುತ್ತದೆ. ಅಲ್ಲಿಂದಾಚೆಗೆ ನಾರು ತುಂಡಾಗಿ ಗೂಡಿನಿಂದ ಜಾರಿ ಹೊರಬರುವಾಗಿನ ಉಜ್ಜಾಟವೂ ಶಕ್ತಿಯನ್ನು ನುಂಗುತ್ತದೆ. ಬೆಸುಗೆ ತೀರ ಗಟ್ಟಿಯಾದರೆ ಬಿರುಕು ನಾರುಗಳನ್ನು ಸೀಳಿಕೊಂಡು ನೇರ ಹೋಗುತ್ತದೆ, ಮುರಿದ ಮೈ ನುಣುಪಾಗಿ ಕಾಣುತ್ತದೆ. ತೀರ ಸಡಿಲವಾದರೆ ಹೊರೆಯೇ ದಾಟುವುದಿಲ್ಲ. ಲೇಪನ ತಯಾರಿಸುವವರ ಜಾಣ್ಮೆಯೆಲ್ಲ ಈ ಎರಡರ ನಡುವಿನ ಹದ ಹಿಡಿಯುವುದರಲ್ಲಿದೆ.

ಕಣಗಳಿಗೆ ಉದ್ದವೇ ಇಲ್ಲ. ಹೊರೆ ಏರಲು ಬೇಕಾದ ಓಟ ಗುಂಡನೆಯ ಕಣದಲ್ಲಿ ಸಿಗದು. ಆದ್ದರಿಂದ ಅವುಗಳಿಂದ ಬಿಗುವು ಹೆಚ್ಚುತ್ತದೆ, ಬಲ ಅಪರೂಪಕ್ಕೆ ಹೆಚ್ಚುತ್ತದೆ. ಬಿಗುವು ಏರುವ ಲೆಕ್ಕದ ಮೂಲ ಐನ್‌ಸ್ಟೈನ್ ದ್ರವದಲ್ಲಿ ತೇಲುವ ಗೋಲಗಳ ಕುರಿತು ಮಾಡಿದ ಗಣಿತದಲ್ಲಿದೆ: ಕಣಗಳ ಗಾತ್ರದ ಪಾಲನ್ನು ಎರಡೂವರೆಯಿಂದ ಗುಣಿಸಿದಷ್ಟು ಏರಿಕೆ. 1940ರ ದಶಕದಲ್ಲಿ ಇದನ್ನು ರಬ್ಬರಿಗೆ ಅನ್ವಯಿಸಿದರು, ಕಣಗಳು ಒತ್ತಾದಾಗ ಆಗುವ ಪರಿಣಾಮಕ್ಕೆ ಇನ್ನೊಂದು ಪದವೂ ಸೇರಿತು. ಆ ಪ್ರಕಾರ ಗಾತ್ರದಲ್ಲಿ ಶೇ. 20 ಗಟ್ಟಿ ಕಣ ಸೇರಿದರೆ ಬಿಗುವು ಎರಡು ಪಟ್ಟಾಗುತ್ತದೆ. ಕಣದ ಬೆಸುಗೆ ಬಿಟ್ಟುಹೋದರೆ ಅದು ಇದ್ದ ಜಾಗ ಒಂದು ತೂತು. ದೊಡ್ಡ ಕಣ ದೊಡ್ಡ ತೂತು, ಗ್ರಿಫಿತ್ ಹೇಳಿದ ಬಿರುಕಿಗೆ ಅದೇ ಬೀಜ. ಹಾಗಾಗಿ ಪಾಲಿಪ್ರೊಪಿಲೀನ್‌ಗೆ ಬೆರೆಸುವ ಸುಣ್ಣಕಲ್ಲಿನ ಪುಡಿ ಕೆಲವೇ ಮೈಕ್ರಾನ್‌ಗಳಷ್ಟು ನಯವಾಗಿರಬೇಕು. ಟಾಲ್ಕ್‌ನ ಕಣ ಚಪ್ಪಟೆ ಹಾಳೆ. ಚಪ್ಪಟೆಯ ದಿಕ್ಕಿನಲ್ಲಿ ಅದಕ್ಕೆ ಸ್ವಲ್ಪ ನಾರಿನ ಗುಣ ಬರುತ್ತದೆ. ಕಾರಿನ ಬಂಪರು, ಡ್ಯಾಶ್‌ಬೋರ್ಡುಗಳಲ್ಲಿ ಅದಕ್ಕೇ ಬೇಡಿಕೆ.

ಪ್ಲಾಸ್ಟಿಕ್ ಯುಗ ಆರಂಭವಾದದ್ದೇ ಕಣಗಳ ಆಸರೆಯಿಂದ ಎಂದರೆ ತಪ್ಪಲ್ಲ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದ ಬೇಕಲೈಟ್ ಬರಿಯ ರಾಳವಾಗಿ ಬಲು ಒಡಕು; ಮರದ ಹುಡಿ ಬೆರೆತ ಮೇಲೆಯೇ ಅದು ಟೆಲಿಫೋನು, ರೇಡಿಯೋ, ವಿದ್ಯುತ್ ಸಾಮಾನುಗಳ ಮೈಯಾಯಿತು.

ಕಣ ನ್ಯಾನೊಮೀಟರ್ ಗಾತ್ರಕ್ಕೆ ಇಳಿದಾಗ ಕಣದಿಂದ ಬಲ ಅಪರೂಪಕ್ಕೆ ಹೆಚ್ಚುತ್ತದೆ ಎಂಬ ನಿಯಮ ಸಡಿಲಗೊಳ್ಳುತ್ತದೆ. ಒಂದು ಘನ ಸೆಂಟಿಮೀಟರಿನ ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್. ಬೆಸುಗೆಗೆ ಸಿಗುವ ಜಾಗ ಇಷ್ಟಾದಾಗ ಕಣಗಳ ಸುತ್ತಲಿನ ಸರಪಳಿಗಳೇ ಬೇರೆ ರೀತಿ ವರ್ತಿಸುತ್ತವೆ. ಟಯರಿನ ಕಪ್ಪು ಬಣ್ಣಕ್ಕೆ ಕಾರಣವಾದ ಕಾರ್ಬನ್ ಬ್ಲ್ಯಾಕ್ ಇದರ ಹಳೆಯ ಉದಾಹರಣೆ: ಕೃತಕ ರಬ್ಬರಿನ ಬಲವನ್ನು ಅದು ಎರಡು ಮೂರು ಮೆಗಾಪಾಸ್ಕಲ್ಲಿನಿಂದ ಇಪ್ಪತ್ತರ ಮೇಲಕ್ಕೆ ಒಯ್ಯುತ್ತದೆ. ಹೊಸ ಉದಾಹರಣೆ ಜಪಾನಿನ ಟೊಯೋಟಾ ಸಂಶೋಧನಾಲಯದ್ದು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನವರು ಒಂದು ನ್ಯಾನೊಮೀಟರ್ ದಪ್ಪದ ಜೇಡಿಮಣ್ಣಿನ ಹಾಳೆಗಳನ್ನು ನೈಲಾನ್ 6ರೊಳಗೆ ಬಿಡಿಬಿಡಿಯಾಗಿ ಹರಡಿದರು. ಶೇ. 5ಕ್ಕಿಂತ ಕಡಿಮೆ ಜೇಡಿಯಿಂದ ಬಿಗುವು ಹೆಚ್ಚುಕಡಿಮೆ ಇಮ್ಮಡಿಸಿತು, ಬಾಗುವ ತಾಪಮಾನ 65 ಡಿಗ್ರಿಯಿಂದ 145 ದಾಟಿತು. ಕಾರಿನ ಟೈಮಿಂಗ್ ಬೆಲ್ಟ್ ಮುಚ್ಚಳವಾಗಿ ಅದು ಬಳಕೆಗೆ ಬಂತು. ಹಾಳೆಗಳು ಒಂದಕ್ಕೊಂದು ಅಂಟಿ ಗುಡ್ಡೆಯಾದರೆ ಮಾತ್ರ ಲಾಭವೆಲ್ಲ ಹೋಗುತ್ತದೆ. ಕಾರ್ಬನ್ ನ್ಯಾನೊಕೊಳವೆಗಳ ಮೇಲಿಟ್ಟ ಬಹಳಷ್ಟು ನಿರೀಕ್ಷೆ ಸೊರಗಿದ್ದು ಇಂಥ ಗುಡ್ಡೆಗಳಿಂದಲೇ.

ಮೆತ್ತನೆಯ ಕಣವೂ ಉಪಕಾರಿ. ಪಾಲಿಸ್ಟೈರೀನ್ ಗಾಜಿನಂತೆ ಒಡೆಯುತ್ತದೆ. ಅದರಲ್ಲಿ ರಬ್ಬರಿನ ಸಣ್ಣ ಹನಿಗಳನ್ನು ಚೆದುರಿದರೆ, ಪ್ರತಿ ಹನಿಯ ಸುತ್ತ ಅಸಂಖ್ಯ ಸೂಕ್ಷ್ಮ ಸೀಳುಗಳು ಎದ್ದು ಹೊಡೆತದ ಶಕ್ತಿಯನ್ನು ಹಂಚಿಕೊಳ್ಳುತ್ತವೆ, ಒಂದೇ ದೊಡ್ಡ ಬಿರುಕು ಬೆಳೆಯುವುದು ತಪ್ಪುತ್ತದೆ. ಫ್ರಿಜ್ಜಿನ ಒಳಮೈಯ ಪಾಲಿಸ್ಟೈರೀನ್, ಹೆಲ್ಮೆಟ್ಟಿನ ಎಬಿಎಸ್ ಎರಡರ ಗುಟ್ಟೂ ಇದೇ. ಬಿಗುವು ತುಸು ಇಳಿಯುತ್ತದೆ, ತಾಳಿಕೆ ಹಲವು ಪಟ್ಟು ಏರುತ್ತದೆ.

ಸಸ್ಯಗಳ ನಾರೂ ಇದೇ ನಿಯಮಗಳಿಗೆ ಒಳಪಟ್ಟದ್ದು. ಸೆಣಬು, ಕತ್ತಾಳೆಗಳಲ್ಲಿ ಸೆಲ್ಯುಲೋಸ್‌ನ ಸೂಕ್ಷ್ಮ ಎಳೆಗಳು ನಾರಿನ ಉದ್ದಕ್ಕೆ ಹೆಚ್ಚು ನೇರವಾಗಿ ಸುತ್ತಿವೆ, ಆದ್ದರಿಂದ ಅವು ಬಿಗು. ತುಮಕೂರು ಸೀಮೆಯ ತೆಂಗಿನ ನಾರಿನಲ್ಲಿ ಆ ಸುತ್ತು ಬಹಳ ಓರೆ. ಎಳೆದರೆ ಸುರುಳಿ ಬಿಚ್ಚಿಕೊಂಡು ಹಿಗ್ಗುತ್ತದೆ. ಕತ್ತಾಳೆ ಬಿಗುವಿಗೆ, ತೆಂಗಿನ ನಾರು ಹೊಡೆತ ತಾಳುವುದಕ್ಕೆ ಹೆಚ್ಚು ಒಪ್ಪುತ್ತದೆ. ಸಸ್ಯನಾರು ನೀರು ಕುಡಿದು ಉಬ್ಬುವುದು ಮುಖ್ಯ ತೊಡಕು. ಕ್ಷಾರದಲ್ಲಿ ತೊಳೆದು ಮೇಲ್ಮೈಯ ಜಿಡ್ಡು ತೆಗೆದರೆ ಬೆಸುಗೆ ಸುಧಾರಿಸುತ್ತದೆ.

ಆಯಸ್ಸು ಮುಗಿದ ಕಾಂಪೋಸಿಟ್‌ಗಳ ಮರುಬಳಕೆಯಲ್ಲೂ ಉದ್ದ ಮತ್ತು ಬೆಸುಗೆಯದೇ ಪ್ರಶ್ನೆ. ಗಟ್ಟಿಗೊಂಡ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಆಮ್ಲಜನಕ ಇಲ್ಲದೆ 450ರಿಂದ 600 ಡಿಗ್ರಿಯಲ್ಲಿ ಕಾಯಿಸಿ ರಾಳವನ್ನು ಆವಿಯಾಗಿಸಿದರೆ ಕಾರ್ಬನ್ ನಾರು ತನ್ನ ಬಿಗುವನ್ನು ಬಹುತೇಕ ಉಳಿಸಿಕೊಂಡು ಹೊರಬರುತ್ತದೆ, ಆದರೆ ತುಂಡುತುಂಡಾಗಿ, ಲೇಪನ ಕಳೆದುಕೊಂಡು. ಹೊಸ ಲೇಪನ ಹಚ್ಚಿ ಅದನ್ನು ಮೋಟುನಾರಿನ ಅಚ್ಚು ಸಾಮಾನುಗಳಿಗೆ ಬಳಸುತ್ತಾರೆ. ಗಾಜಿನ ನಾರು ಅದೇ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. ಗಾಳಿಯಂತ್ರದ ಹಳೆಯ ರೆಕ್ಕೆಗಳನ್ನು ಪುಡಿಮಾಡಿ ಸಿಮೆಂಟ್ ಗೂಡಿಗೆ ಹಾಕುವ ಪದ್ಧತಿ ಬಂದಿರುವುದು ಅದರಿಂದಲೇ: ಅಲ್ಲಿ ರಾಳ ಇಂಧನವಾಗಿ ಉರಿಯುತ್ತದೆ, ಗಾಜಿನ ಸಿಲಿಕಾ ಸಿಮೆಂಟಿನ ಕಚ್ಚಾಸಾಮಗ್ರಿಯಲ್ಲಿ ಸೇರುತ್ತದೆ.